ತೂತು ಚೀಲದ ಮಾತು: ದೇವರಿಗೆ ಮೊದಲ ಸ್ಥಾನವೆಂದರೆ ಸಾಲ ಮಾಡಿ ಕೊಡುವುದೇ?

ಓದುಗರ ಪ್ರಶ್ನೆ:

"ನಾನು ಖಾಸಗಿ ಶಾಲೆಯೊಂದರಲ್ಲಿ ಶಿಕ್ಷಕಿ. ನಮ್ಮ ಯಜಮಾನರು ಕಟ್ಟಡದ ಗುತ್ತಿಗೆದಾರರೊಬ್ಬರ ಬಳಿ ಮೇಲ್ವಿಚಾರಕರು. ಇಬ್ಬರದೂ ಸೇರಿ ತಿಂಗಳಿಗೆ 74,000 ರೂಪಾಯಿ ಸಂಬಳ. ಮೂರು ವರ್ಷದ ಹಿಂದೆ ಸಾಲ ಮಾಡಿ ಮನೆ ಕಟ್ಟಿಸಿದೆವು. ಅದರ ಕಂತು 27,500, ಕಾರಿನ ಕಂತು 9,200. ಮನೆ ಸಾಲ ತೀರಲು ಇನ್ನೂ 17 ವರ್ಷ ಇದೆ. ಅತ್ತೆಯವರು ನಮ್ಮೊಂದಿಗೇ ಇದ್ದಾರೆ. ಅವರ ಔಷಧಿಗೆ ತಿಂಗಳಿಗೆ ಆರು ಸಾವಿರ ಬೇಕು, ಮಂಡಿಯ ಶಸ್ತ್ರಚಿಕಿತ್ಸೆಯನ್ನು ಮುಂದೂಡುತ್ತಲೇ ಬಂದಿದ್ದೇವೆ. ನಮ್ಮ ಕ್ರೈಸ್ತ ಸಭೆಯ ಹಳೆಯ ದೇವಾಲಯ ಸೋರುತ್ತಿದೆ. ಅದನ್ನು ಬಿಚ್ಚಿ ಕಟ್ಟಲು ದುಡಿಯುವ ಪ್ರತಿ ಕುಟುಂಬ ದಶಮಾಂಶದ (ಆದಾಯದ ಹತ್ತನೆಯ ಪಾಲಿನ) ಜೊತೆಗೆ ಒಂದು ತಿಂಗಳ ಸಂಬಳ ಕೊಡಬೇಕೆಂದು ಸಮಿತಿ ತೀರ್ಮಾನಿಸಿದೆ. ಅಂದಿನ ಪ್ರಸಂಗ ಸತ್ಯವೇದದ ಪ್ರವಾದಿ ಹಗ್ಗಾಯನ ಗ್ರಂಥದ 1ನೇ ಅಧ್ಯಾಯದ ಮೇಲಿತ್ತು. 'ನೀವು ಫಾಲ್ಸ್ ಸೀಲಿಂಗ್ ಹಾಕಿಸಿದ ಮನೆಯಲ್ಲಿರುವಾಗ ದೇವರ ಮನೆ ಸೋರಬೇಕೇ' ಎಂದು ಸಭಾಪಾಲಕರಾದ ಅಯ್ಯನವರು ಕೇಳಿದರು. ನಮ್ಮ ಮನೆಯ ಗೃಹಪ್ರತಿಷ್ಠೆಗೆ ಅಯ್ಯನವರೇ ಬಂದಿದ್ದರು. ಆ ಮಾತು ನನ್ನನ್ನೇ ನೋಡಿ ಹೇಳಿದಂತಾಯಿತು. ಆಮೇಲೆ ಯಜಮಾನರ ಸಂಬಳ ತಡವಾಗತೊಡಗಿತು, ಮಗಳಿಗೆ ಡೆಂಗಿ ಆಯಿತು. ಪ್ರಾರ್ಥನಾ ಕೂಟದ ಹಿರಿಯರೊಬ್ಬರು 'ಕೊಡದವರ ಚೀಲದಲ್ಲಿ ತೂತು ಬೀಳುತ್ತದೆ' ಎಂದರು. ಒಡವೆ ಅಡವಿಟ್ಟಾದರೂ ಕೊಟ್ಟುಬಿಡೋಣ, ದೇವರು ಎರಡರಷ್ಟು ಕೊಡುತ್ತಾನೆ ಎಂದು ಯಜಮಾನರು ಹೇಳುತ್ತಾರೆ. ನನಗೆ ಭಯವೂ ಇದೆ, ಸಿಟ್ಟೂ ಇದೆ. ಮಗಳ ಟ್ಯೂಷನ್ ಭಾನುವಾರ ಬೆಳಿಗ್ಗೆ ಇರುವುದರಿಂದ ನಾವು ಎಷ್ಟೋ ವಾರ ಆರಾಧನೆಗೂ ಹೋಗಿಲ್ಲ. ನಿಜವಾಗಿಯೂ ನಾವು ದೇವರನ್ನು ಹಿಂದಕ್ಕೆ ಹಾಕಿದ್ದೇವೆಯೇ?"

ಉತ್ತರ:

ಸಹೋದರಿ, ನಿಮ್ಮ ಪತ್ರದಲ್ಲಿ ಮೂರು ಪ್ರಶ್ನೆಗಳು ಒಂದರೊಳಗೊಂದು ಸಿಕ್ಕಿಕೊಂಡಿವೆ. ನಿಮ್ಮ ಮನೆಯ ಕಷ್ಟಗಳು ಕಾಣಿಕೆ ಕೊಡದಿದ್ದುದಕ್ಕೆ ಬಂದ ಶಿಕ್ಷೆಯೇ ಎಂಬುದು ಒಂದು. ಸಾಲ ಮಾಡಿಯಾದರೂ ಕೊಡಬೇಕೆಂದು ಸತ್ಯವೇದ ಹೇಳುತ್ತದೆಯೇ ಎಂಬುದು ಇನ್ನೊಂದು. ನೀವು ಕೊನೆಯ ಸಾಲಿನಲ್ಲಿ ಕೇಳಿದ್ದು ಮೂರನೆಯದು. ಮೊದಲ ಎರಡಕ್ಕೆ 'ಇಲ್ಲ' ಎಂದು ನೇರವಾಗಿ ಹೇಳಬಲ್ಲೆ, ಅದಕ್ಕೆ ಆಧಾರವನ್ನೂ ಕೊಡುತ್ತೇನೆ. ಆದರೆ ಅಷ್ಟಕ್ಕೇ ಪತ್ರ ಮುಗಿಸಿದರೆ ನಿಮಗೆ ಸಮಾಧಾನ ಸಿಕ್ಕೀತೇ ಹೊರತು ಉತ್ತರ ಸಿಗುವುದಿಲ್ಲ, ಏಕೆಂದರೆ ಹಗ್ಗಾಯನು ಕೇಳಿದ ಪ್ರಶ್ನೆ ಮೂರನೆಯದೇ. ಸಭಾಪಾಲನೆ ಮಾಡಿ, ಕಟ್ಟಡ ಸಮಿತಿಗಳಲ್ಲಿ ಕುಳಿತು, ಆಮೇಲೆ ದೇವಜ್ಞಾನದ ವಿದ್ಯಾರ್ಥಿಗಳಿಗೆ ಹಳೆಯ ಒಡಂಬಡಿಕೆ ಕಲಿಸಿದವನಾಗಿ, ಈ ಅಧ್ಯಾಯ ಎಷ್ಟು ಸುಲಭವಾಗಿ ಚಂದಾ ಎತ್ತುವ ಪ್ರಸಂಗವಾಗಿಬಿಡುತ್ತದೆ ಎಂಬುದನ್ನು ನಾನು ಬಲ್ಲೆ.

ಹಗ್ಗಾಯನ ಗ್ರಂಥ ಎರಡು ಅಧ್ಯಾಯಗಳ, 38 ವಚನಗಳ ಪುಟ್ಟ ಗ್ರಂಥ. ಕ್ರಿ.ಪೂ. 586ರಲ್ಲಿ ಬಾಬೆಲಿನವರು ಯೆರೂಸಲೇಮನ್ನೂ ಸೊಲೊಮೋನನು ಕಟ್ಟಿಸಿದ್ದ ದೇವಾಲಯವನ್ನೂ ನಾಶಮಾಡಿ ಜನರನ್ನು ಸೆರೆಯೊಯ್ದರು. ಕ್ರಿ.ಪೂ. 538ರಲ್ಲಿ ಪಾರಸಿಯ ಅರಸನಾದ ಕೋರೆಷನು, ಹಿಂದಿರುಗಿ ಹೋಗಿ ದೇವಾಲಯವನ್ನು ಕಟ್ಟಿಕೊಳ್ಳಬಹುದೆಂದು ಅಪ್ಪಣೆ ಕೊಟ್ಟನು. ಮರಳಿಬಂದವರು ಮೊದಲು ಯಜ್ಞವೇದಿಯನ್ನು ಕಟ್ಟಿದರು, ಅಸ್ತಿವಾರವನ್ನೂ ಹಾಕಿದರು, ಅಷ್ಟರಲ್ಲಿ ನೆರೆಯವರ ವಿರೋಧ ಬಂದು ಕೆಲಸ ನಿಂತಿತು. ಹಾಗೆ ನಿಂತದ್ದು ಸುಮಾರು ಹದಿನಾರು ವರ್ಷ ನಿಂತೇ ಇತ್ತು. ಅರಸನಾದ ದಾರ್ಯಾವೆಷನ ಎರಡನೆಯ ವರ್ಷದಲ್ಲಿ, ಅಂದರೆ ಕ್ರಿ.ಪೂ. 520ರ ಆಗಸ್ಟ್ ಕೊನೆಯಲ್ಲಿ, ಹಗ್ಗಾಯನು ಮಾತನಾಡಿದನು. ಅವನ ಮಾತು ಮೊದಲು ತಲುಪಿದ್ದು ದೇಶಾಧಿಪತಿಯಾದ ಜೆರುಬ್ಬಾಬೆಲನಿಗೆ ಮತ್ತು ಮಹಾಯಾಜಕನಾದ ಯೆಹೋಶುವನಿಗೆ, ಆಮೇಲೆ ಜನರಿಗೆ. ಮುಂದಾಳುಗಳನ್ನು ಬಿಟ್ಟು ಕುಟುಂಬಗಳನ್ನಷ್ಟೇ ಎಚ್ಚರಿಸುವ ಪ್ರಸಂಗಗಳು ಈ ಕ್ರಮವನ್ನು ಗಮನಿಸುವುದಿಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ.

ಜನರು ದೇವಾಲಯ ಬೇಡವೆಂದು ಹೇಳಿರಲಿಲ್ಲ ಎಂಬುದು ಇಡೀ ಗ್ರಂಥದಲ್ಲಿ ನನ್ನನ್ನು ಹೆಚ್ಚು ತಡೆದು ನಿಲ್ಲಿಸುವ ಸಂಗತಿ. 1ನೇ ಅಧ್ಯಾಯದ 2ನೇ ವಚನದ ಪ್ರಕಾರ ಅವರು ಹೇಳುತ್ತಿದ್ದುದು, ಇನ್ನೂ ಅದಕ್ಕೆ ಸಮಯ ಬಂದಿಲ್ಲ ಎಂದು. ಅವರ ಕಾರಣಗಳು ಸುಳ್ಳಲ್ಲ: ವಿರೋಧವಿತ್ತು, ಮಳೆಯಿರಲಿಲ್ಲ, ಬೆಳೆ ಕೈಹಿಡಿದಿರಲಿಲ್ಲ. ಆದರೆ ಅದೇ ಬರಗಾಲದಲ್ಲಿ ಕೆಲವರ ಮನೆಗಳಿಗೆ ಮರದ ಹಲಗೆಯ ಹೊದಿಕೆ ಬಂದಿತ್ತು. ಒಳ್ಳೆಯ ದೇವದಾರು ಮರವನ್ನು ಲೆಬನೋನಿನಿಂದ ಸಮುದ್ರದ ಮೇಲೆ ತರಿಸಬೇಕಾಗಿದ್ದ ನಾಡಿನಲ್ಲಿ ಹಲಗೆ ಹೊದಿಸಿದ ಮನೆ ಎಂದರೆ ತಲೆಯ ಮೇಲಿನ ಸೂರಲ್ಲ, ಶೋಭೆ. ಹಗ್ಗಾಯನು ಸೂರನ್ನು ಆಕ್ಷೇಪಿಸಲಿಲ್ಲ. ಬರಗಾಲವು ಒಂದು ಕೆಲಸಕ್ಕೆ ಮಾತ್ರ ಅಡ್ಡಿಯಾಗಿ ಇನ್ನೊಂದಕ್ಕೆ ಆಗದೆ ಹೋದದ್ದು ಹೇಗೆ ಎಂದು ಕೇಳಿದನು. ದೇವರನ್ನು ಹಿಂದಕ್ಕೆ ತಳ್ಳುವವರು ಬಹುಪಾಲು ಬಾಯಿಬಿಟ್ಟು ಇಲ್ಲವೆನ್ನುವುದಿಲ್ಲ. ಮಕ್ಕಳ ಓದು ಮುಗಿಯಲಿ, ಸಾಲ ತೀರಲಿ, ನಿವೃತ್ತಿಯಾಗಲಿ ಎನ್ನುತ್ತಾರೆ, ನಡುವೆ ಬರುವ ಪ್ರತಿಯೊಂದು ಹೊಸ ಅನುಕೂಲಕ್ಕೂ ಹಣ ಹೇಗೋ ಹೊಂದಿಕೆಯಾಗುತ್ತದೆ. ನಿಮ್ಮ ಸಾಲಕ್ಕೆ ಇನ್ನೂ 17 ವರ್ಷವಿದೆ ಎಂದು ಬರೆದಿದ್ದೀರಿ. ಆ ಅವಧಿ ಯೆರೂಸಲೇಮಿನವರು ಮುಂದೂಡಿದ ಕಾಲಕ್ಕಿಂತ ತುಸು ಹೆಚ್ಚೇ.

ಇನ್ನು ಹಗ್ಗಾಯನು ಕೇಳಿದ್ದು ಏನನ್ನು ಎಂಬುದನ್ನು ನೋಡಿ. 8ನೇ ವಚನದಲ್ಲಿರುವುದು ಮೂರೇ ಕ್ರಿಯೆಗಳು: ಬೆಟ್ಟ ಹತ್ತಿರಿ, ಮರ ತನ್ನಿರಿ, ಆಲಯ ಕಟ್ಟಿರಿ. ತಲೆಗಿಷ್ಟು ಎಂಬ ಲೆಕ್ಕ ಎಲ್ಲಿಯೂ ಇಲ್ಲ. ಎಜ್ರನ ಗ್ರಂಥದ 6ನೇ ಅಧ್ಯಾಯ ಹೇಳುವಂತೆ, ಮುಂದೆ ಆ ಕಟ್ಟಡದ ವೆಚ್ಚವನ್ನು ಹೊಳೆಯಾಚೆಯ (ಯೂಫ್ರೆಟಿಸ್ ನದಿಯ ಪಶ್ಚಿಮದ) ಪ್ರಾಂತ್ಯದ ಕಂದಾಯದಿಂದ ಕೊಡಬೇಕೆಂದು ದಾರ್ಯಾವೆಷನೇ ಆಜ್ಞಾಪಿಸಿದನು. ಮೊದಲು ಹಿಂದಿರುಗಿ ಬಂದಾಗ ಕುಟುಂಬಗಳ ಮುಖ್ಯಸ್ಥರು ಸ್ವಇಚ್ಛೆಯಿಂದ ಬಂಗಾರ ಬೆಳ್ಳಿ ಕೊಟ್ಟಿದ್ದುದೂ ನಿಜ, ಆದರೆ ಅದೇ ಗ್ರಂಥದ 2ನೇ ಅಧ್ಯಾಯವು ಅದನ್ನು ಅವರವರ ಶಕ್ತಿಗೆ ತಕ್ಕಂತೆ ಎಂದು ಹೇಳುತ್ತದೆ. ಬೆಳ್ಳಿಯೂ ನನ್ನದು, ಬಂಗಾರವೂ ನನ್ನದು ಎಂದು ಹಗ್ಗಾಯನ 2ನೇ ಅಧ್ಯಾಯದಲ್ಲಿ ಹೇಳಿಸಿದ ದೇವರಿಗೆ ಜನರ ಕೈಯಿಂದ ಬೇಕಾಗಿದ್ದುದು ಹಣದ ಕೊರತೆ ತುಂಬಿಸುವ ಮೊತ್ತವಲ್ಲ. ಜನರು ಕೇಳಿ ಭಯಭಕ್ತಿಯಿಂದ ಒಪ್ಪಿಕೊಂಡ ಕೂಡಲೇ, ಒಂದು ಕಲ್ಲೂ ಮೇಲೇಳುವ ಮೊದಲೇ, "ನಾನು ನಿಮ್ಮೊಂದಿಗಿದ್ದೇನೆ" ಎಂಬ ಮಾತು ಬಂತು. ಕೆಲಸ ಆರಂಭವಾದದ್ದು ಮೊದಲ ಪ್ರವಾದನೆಯಾಗಿ 23 ದಿನಗಳ ನಂತರ, ಮುಗಿದದ್ದು ಕ್ರಿ.ಪೂ. 515ರಲ್ಲಿ.

ಈಗ ತೂತು ಚೀಲ. ದುಡಿದ ಕೂಲಿಯನ್ನು ತೂತು ಬಿದ್ದ ಚೀಲಕ್ಕೆ ಹಾಕಿದಂತಾಗಿದೆ ಎಂಬ ಆ ವಚನ ಯೆಹೂದದ ಇಡೀ ಸಮುದಾಯಕ್ಕೆ, ಅವರ ಒಡಂಬಡಿಕೆಯ ಹಿನ್ನೆಲೆಯಲ್ಲಿ, ದೇಶಕ್ಕೆಲ್ಲ ಬಂದ ಬರಗಾಲದ ಬಗ್ಗೆ ಹೇಳಿದ್ದು. ಕಾಣಿಕೆ ಕೊಟ್ಟವನ ಹೊಲಕ್ಕೆ ಮಳೆ ಬಂದು ಕೊಡದವನ ಹೊಲ ಒಣಗಿತೆಂದು ಹಗ್ಗಾಯನು ಹೇಳುವುದಿಲ್ಲ. ಅದನ್ನು ಒಂದು ಮನೆಯ ಜ್ವರಕ್ಕೂ ಒಬ್ಬ ಗುತ್ತಿಗೆದಾರನ ಹಣದ ಮುಗ್ಗಟ್ಟಿಗೂ ಅನ್ವಯಿಸುವ ಅಧಿಕಾರ ಯಾವ ಹಿರಿಯರಿಗೂ ಇಲ್ಲ. ನೀತಿವಂತನಾದ ಯೋಬನು ಕಷ್ಟಕ್ಕೆ ಸಿಕ್ಕಿದಾಗ ಅವನ ಪಾಪವೇ ಕಾರಣವೆಂದ ಸ್ನೇಹಿತರು ಇದನ್ನೇ ಮಾಡಿ ಕೊನೆಗೆ ದೇವರಿಂದಲೇ ಗದರಿಸಿಕೊಂಡರು. ಸಿಲೊವಾಮಿನಲ್ಲಿ ಬುರುಜು ಬಿದ್ದು ಸತ್ತ ಹದಿನೆಂಟು ಮಂದಿ ಉಳಿದವರಿಗಿಂತ ಹೆಚ್ಚು ಪಾಪಿಗಳೆಂದು ನೆನಸಬೇಡಿರೆಂದು ಲೂಕನ ಸುವಾರ್ತೆಯ 13ನೇ ಅಧ್ಯಾಯದಲ್ಲಿ ಯೇಸುಸ್ವಾಮಿಯೇ ಹೇಳಿದ್ದಾನೆ. ಡೆಂಗಿ ಸೊಳ್ಳೆಯಿಂದ ಬರುತ್ತದೆ. ಮಳೆಗಾಲದಲ್ಲಿ ಅದು ದಶಮಾಂಶ ಕೊಡುವವರ ಮನೆಗೂ ಕೊಡದವರ ಮನೆಗೂ, ಸಭಾಪಾಲಕರ ಮನೆಗೂ ಬರುತ್ತದೆ. ಅದೇ ತರ್ಕದ ಇನ್ನೊಂದು ಮುಖ ನಿಮ್ಮ ಯಜಮಾನರ ಮಾತಿನಲ್ಲಿದೆ. ಎರಡರಷ್ಟು ಮರಳಿ ಬರುತ್ತದೆಂದು ಕೊಡುವವರು ದೇವರನ್ನು ಮೊದಲಿಟ್ಟಿಲ್ಲ, ಬರಲಿರುವ ಹಣವನ್ನೇ ಮೊದಲಿಟ್ಟಿದ್ದಾರೆ. ನಾನು ಅವರ ಭಕ್ತಿಯನ್ನು ಸಂಶಯಿಸುತ್ತಿಲ್ಲ. ಸಂಬಳ ತಡವಾಗಿ ಕಂಗೆಟ್ಟ ಮನುಷ್ಯನಿಗೆ ಅಂಥ ಭರವಸೆ ಎಷ್ಟು ಹಿತವಾಗಿರುತ್ತದೆಂಬುದು ಯಾರಿಗಾದರೂ ಅರ್ಥವಾಗುತ್ತದೆ.

ಪ್ರಸಂಗಗಳಲ್ಲಿ ಹಗ್ಗಾಯನಿಗೆ ಜೊತೆಯಾಗಿ ಎಂದೂ ಕೇಳಿಬರದ ಒಂದು ಅಧ್ಯಾಯವಿದೆ, ಸಮುವೇಲನ ಎರಡನೆಯ ಗ್ರಂಥದ 7ನೇ ಅಧ್ಯಾಯ. ಅಲ್ಲಿ ದಾವೀದನು ಪ್ರವಾದಿಯಾದ ನಾತಾನನನ್ನು ಕರೆದು, ತಾನು ದೇವದಾರಿನ ಮನೆಯಲ್ಲಿ ವಾಸಿಸುವಾಗ ದೇವರ ಮಂಜೂಷವು (ಒಡಂಬಡಿಕೆಯ ಪೆಟ್ಟಿಗೆ) ಗುಡಾರದಲ್ಲಿದೆಯಲ್ಲ ಎಂದು ಹಳಹಳಿಸುತ್ತಾನೆ. ಹಗ್ಗಾಯನು ಜನರಿಂದ ಹೊರಡಿಸಬೇಕೆಂದಿದ್ದ ಮಾತನ್ನು ದಾವೀದನು ತಾನಾಗಿಯೇ ಆಡಿದ್ದಾನೆ. ಅದಕ್ಕೆ ಬಂದ ಉತ್ತರವಾದರೋ, ನನಗೊಂದು ಮನೆ ಕಟ್ಟಿಸೆಂದು ನಾನು ಯಾರನ್ನಾದರೂ ಯಾವಾಗಲಾದರೂ ಕೇಳಿದ್ದೆನೇ ಎಂಬುದು. ನಿನಗೆ ನಾನೇ ಮನೆತನವನ್ನು ಕಟ್ಟುವೆನೆಂದು ದೇವರು ಮಾತನ್ನು ತಿರುಗಿಸುತ್ತಾನೆ. ಒಬ್ಬನಿಗೆ ಕಟ್ಟಬೇಡವೆಂದವನೇ ಸುಮಾರು ನಾಲ್ಕುನೂರೈವತ್ತು ವರ್ಷಗಳ ಬಳಿಕ ಇನ್ನೊಂದು ತಲೆಮಾರಿಗೆ ಏಕೆ ಕಟ್ಟಲಿಲ್ಲವೆಂದು ಕೇಳಿದನು. ಎರಡನ್ನೂ ಒಟ್ಟಿಗೆ ಓದಿದವರು ಕಟ್ಟಡವನ್ನೇ ಭಕ್ತಿಯ ಅಳತೆಗೋಲಾಗಿ ಮಾಡಲಾರರು. ಹಾಗೆಂದು ಕಟ್ಟಡ ವ್ಯರ್ಥವೆಂದೂ ಹೇಳಲಾರರು. ಮಳೆಗಾಲದಲ್ಲಿ ಮುದುಕರು ಕೊಡೆ ಹಿಡಿದು ಆರಾಧನೆಗೆ ಕುಳಿತುಕೊಳ್ಳುವ ಸ್ಥಿತಿ ನಿಮ್ಮ ದೇವಾಲಯದಲ್ಲಿದ್ದರೆ ಚಾವಣಿಯ ಕೆಲಸ ಆಗಲೇಬೇಕು.

ದಶಮಾಂಶದ ವಿಷಯವಾಗಿಯೂ ನೀವು ಕೇಳಿದ್ದೀರೆಂದೇ ಭಾವಿಸುತ್ತೇನೆ. ಯಾಜಕಕಾಂಡದ 27ನೇ ಅಧ್ಯಾಯ ಹೇಳುವುದು ಭೂಮಿಯ ಬೆಳೆ, ಮರಗಳ ಹಣ್ಣು, ದನಕುರಿಗಳ ಹತ್ತನೆಯ ಪಾಲನ್ನು. ಅದು ಮುಖ್ಯವಾಗಿ ದೇವರ ಆಲಯದ ಸೇವೆಗೆ ನೇಮಕವಾಗಿ ಸ್ವಂತ ಭೂಮಿಯ ಪಾಲಿಲ್ಲದಿದ್ದ ಲೇವಿ ಕುಲದವರ ಜೀವನಕ್ಕಾಗಿ ಇತ್ತು. ಧರ್ಮೋಪದೇಶಕಾಂಡದ 14ನೇ ಅಧ್ಯಾಯದ ಪ್ರಕಾರ ಮೂರನೆಯ ವರ್ಷದ ಪಾಲು ಲೇವಿಯರ ಜೊತೆಗೆ ಪರದೇಶಿಗೆ, ತಾಯಿತಂದೆಯಿಲ್ಲದವರಿಗೆ, ವಿಧವೆಯರಿಗೆ ಸಲ್ಲುತ್ತಿತ್ತು. ಅದೇ ಅಧ್ಯಾಯದಲ್ಲಿ, ದೂರದವರು ಆ ಪಾಲನ್ನು ಮಾರಿ ಹಣ ಮಾಡಿಕೊಂಡು ಬಂದು, ಮನಸ್ಸಿಗೆ ಬೇಕಾದದ್ದನ್ನು ಕೊಂಡು ದೇವರ ಸನ್ನಿಧಿಯಲ್ಲಿ ಮನೆಯವರೊಡನೆ ಉಂಡು ಸಂತೋಷಪಡಬೇಕೆಂಬ ಆಜ್ಞೆಯೂ ಇದೆ. ಈ ವಚನದ ಮೇಲೆ ಪ್ರಸಂಗ ಕೇಳಿದ ನೆನಪು ನನಗಿಲ್ಲ. ಹೊಸ ಒಡಂಬಡಿಕೆಯ ಸಭೆಗೆ ಅಪೊಸ್ತಲನಾದ ಪೌಲನು ಕೊಟ್ಟ ನಿಯಮ ಕೊರಿಂಥದವರಿಗೆ ಬರೆದ ಎರಡು ಪತ್ರಗಳಲ್ಲಿ ಸಿಗುತ್ತದೆ: ವಾರದ ಮೊದಲ ದಿನ, ಬಂದ ಆದಾಯಕ್ಕೆ ತಕ್ಕಂತೆ ತೆಗೆದಿಡುವುದು, ಬಲವಂತದಿಂದಲ್ಲ, ಮನಸ್ಸಿನಲ್ಲಿ ನಿಶ್ಚಯಿಸಿಕೊಂಡಂತೆ ಕೊಡುವುದು, ಒಬ್ಬನ ಬಳಿ ಏನಿದೆಯೋ ಅದಕ್ಕೆ ತಕ್ಕಂತೆ ಕೊಟ್ಟದ್ದು ಸಮರ್ಪಕ, ಇಲ್ಲದ್ದಕ್ಕೆ ತಕ್ಕಂತೆ ಅಲ್ಲ. ಹತ್ತರಲ್ಲೊಂದು ಪಾಲು ಒಳ್ಳೆಯ ಅಭ್ಯಾಸ, ನಾನೂ ಅದನ್ನು ಇಟ್ಟುಕೊಂಡಿದ್ದೇನೆ, ಆದರೆ ಅದನ್ನು ಸದಸ್ಯತ್ವದ ತೆರಿಗೆಯಾಗಿ ಹೇರುವುದಕ್ಕೆ ಆಧಾರ ಬಲು ತೆಳುವು.

ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವೆಂದು ನನಗೆ ತೋರಿದ್ದು, ಬರೆಯುವಾಗ ನೀವು ಒಂದೇ ಸಾಲಿನಲ್ಲಿ ದಾಟಿಹೋದ ಅತ್ತೆಯವರ ಮಂಡಿ. ಮಾರ್ಕನ ಸುವಾರ್ತೆಯ 7ನೇ ಅಧ್ಯಾಯದಲ್ಲಿ ಯೇಸುವು ಕೊರ್ಬಾನ್ ಎಂಬ ಪದ್ಧತಿಯನ್ನು ಖಂಡಿಸುತ್ತಾನೆ. ತಂದೆತಾಯಿಗೆ ಸಲ್ಲಬೇಕಾದ ನೆರವನ್ನು ದೇವರಿಗೆ ಮೀಸಲು ಎಂದು ಘೋಷಿಸಿ, ಆ ಘೋಷಣೆಯ ಮರೆಯಲ್ಲಿ ಅವರಿಗೆ ಏನನ್ನೂ ಮಾಡದೆ ಇರುವುದಕ್ಕೆ ಅಂದಿನ ಬೋಧಕರು ಅವಕಾಶ ಕೊಟ್ಟಿದ್ದರು. ಇದರಿಂದ ನೀವು ದೇವರ ವಾಕ್ಯವನ್ನೇ ನಿರರ್ಥಕ ಮಾಡುತ್ತೀರೆಂದು ಆತನು ಹೇಳಿದನು. ಸ್ವಂತ ಮನೆಯವರನ್ನು ಸಂರಕ್ಷಿಸದವನು ನಂಬಿಕೆಯನ್ನು ತಿರಸ್ಕರಿಸಿದವನೆಂದು ತಿಮೊಥೆಯನಿಗೆ ಬರೆದ ಮೊದಲ ಪತ್ರದ 5ನೇ ಅಧ್ಯಾಯ ಹೇಳುತ್ತದೆ. ಆದ್ದರಿಂದ ದೇವರು ಮೊದಲೋ ಮನೆ ಮೊದಲೋ ಎಂದು ಕೇಳುವಾಗ 'ಮನೆ' ಎಂಬ ಒಂದೇ ಹೆಸರಿನ ಕೆಳಗೆ ಎರಡು ಬೇರೆ ಬೇರೆ ಸಂಗತಿಗಳು ಕುಳಿತಿರುತ್ತವೆ. ಅತ್ತೆಯವರ ಔಷಧಿ, ಮಗಳ ಶಾಲೆಯ ಶುಲ್ಕ, ಮಾಡಿದ ಸಾಲದ ಕಂತು ಇವು ಕರ್ತವ್ಯಗಳು, ದೇವರೇ ನಿಮ್ಮ ಕೈಗೆ ಕೊಟ್ಟವು. ಇವನ್ನು ಕಡಿದು ಕೊಡುವ ಕಾಣಿಕೆ ನಿಮ್ಮದಾಗುವುದಿಲ್ಲ, ಅತ್ತೆಯವರ ನೋವಿನಿಂದ ಕಿತ್ತು ಕೊಟ್ಟದ್ದಾಗುತ್ತದೆ. ಕಾರು, ನಡುಮನೆಯ ಫಾಲ್ಸ್ ಸೀಲಿಂಗು, ವರ್ಷಕ್ಕೊಮ್ಮೆ ಬದಲಾಗುವ ಫೋನು ಇವು ಸೌಕರ್ಯಗಳು. ಹಗ್ಗಾಯನ ಪ್ರಶ್ನೆ ಬೀಳುವುದು ಈ ಎರಡನೆಯ ಸಾಲಿನ ಮೇಲೆ ಮಾತ್ರ, ಆದರೆ ಅಲ್ಲಿ ಅದು ನಿಜವಾಗಿಯೂ ಬೀಳುತ್ತದೆ. ಮಂಡಿಯ ಚಿಕಿತ್ಸೆ ಮುಂದಕ್ಕೆ ಹೋಗುತ್ತಿದ್ದ ವರ್ಷದಲ್ಲೇ ಕಾರು ಬಂದಿದೆಯಾದರೆ, ನಿಮ್ಮ ಮನೆಯಲ್ಲಿ ಅನುಕೂಲದ ಹಿಂದೆ ನಿಂತಿರುವುದು ದೇವಾಲಯ ಒಂದೇ ಅಲ್ಲ. ಇದನ್ನು ನಿಮ್ಮನ್ನು ನೋಯಿಸುವುದಕ್ಕೆ ಬರೆಯುತ್ತಿಲ್ಲ. ಕಾರು ಕೊಳ್ಳಲು ನಿಮಗೆ ಬಲವಾದ ಕಾರಣವಿದ್ದಿರಬಹುದು, ಅದು ನನಗೆ ತಿಳಿಯದು.

ಇದಕ್ಕೆ ವಿರುದ್ಧವಾಗಿ ನಿಮ್ಮ ಯಜಮಾನರು ಎತ್ತಬಹುದಾದ ಮಾತಿಗೂ ಬೆಲೆಯಿದೆ. ಬೇಥಾನ್ಯದಲ್ಲಿ ಒಬ್ಬ ಹೆಂಗಸು ಮುನ್ನೂರು ದಿನಾರಿ ನಾಣ್ಯಗಳಿಗೂ ಹೆಚ್ಚು ಬೆಲೆಬಾಳುವ ಸುಗಂಧತೈಲದ ಭರಣಿಯನ್ನು ಒಡೆದು ಯೇಸುವಿನ ತಲೆಗೆ ಹೊಯ್ದಾಗ, ಲೆಕ್ಕ ಹಾಕಿದವರನ್ನು ಆತನು ಸುಮ್ಮನಿರಿಸಿದನು. ಏನೂ ಖರ್ಚಿಲ್ಲದ್ದನ್ನು ನನ್ನ ದೇವರಿಗೆ ಅರ್ಪಿಸಲಾರೆನೆಂದು ದಾವೀದನು ಕಣವನ್ನೂ ಎತ್ತುಗಳನ್ನೂ ಐವತ್ತು ಶೆಕೆಲ್ ತೂಕದ ಬೆಳ್ಳಿ ಕೊಟ್ಟು ಕೊಂಡನು. ಹೀಗೆ ಲೆಕ್ಕ ಮೀರಿ ಕೊಡುವ ಪ್ರೀತಿಯೂ ಇದೆ, ಅದನ್ನು ಜಾಣತನದಿಂದ ಅಳೆಯಬಾರದು. ಆದರೆ ಭರಣಿ ಅವಳದೇ ಆಗಿತ್ತು. ಅವಳಿಗೆ ಯಾವ ಸಮಿತಿಯೂ ಪಟ್ಟಿ ಕಳುಹಿಸಿರಲಿಲ್ಲ.

ಸಭೆಗಳಲ್ಲಿ ಇಂಥ ಒತ್ತಡ ಏಕೆ ಹುಟ್ಟುತ್ತದೆ ಎಂಬುದನ್ನೂ ಹೇಳಬೇಕು, ಇಲ್ಲದಿದ್ದರೆ ನಿಮ್ಮ ಸಿಟ್ಟು ವ್ಯಕ್ತಿಗಳ ಮೇಲೆ ಹೋಗುತ್ತದೆ. ಕಟ್ಟಡ ಸಮಿತಿಯವರು ಸಾಮಾನ್ಯವಾಗಿ ಮೊದಲು ನಕ್ಷೆ ಮಾಡಿಸುತ್ತಾರೆ, ಆಮೇಲೆ ಹಣದ ಯೋಚನೆ ಮಾಡುತ್ತಾರೆ. ಚಾವಣಿ ಸರಿಪಡಿಸುವ ಕೆಲಸವಾಗಿ ಹೊರಟದ್ದು ಗ್ಯಾಲರಿ, ಗ್ರಾನೈಟು, ಎತ್ತರದ ಗೋಪುರವಾಗಿ ಬೆಳೆಯುತ್ತದೆ, ಅರ್ಧಕ್ಕೆ ನಿಂತರೆ ಮಾನ ಹೋಗುತ್ತದೆಂಬ ಭಯದಲ್ಲಿ ಎಲ್ಲ ಕುಟುಂಬಗಳಿಗೂ ಒಂದೇ ಮೊತ್ತ ಬೀಳುತ್ತದೆ. ಬುರುಜು ಕಟ್ಟುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕುವುದಿಲ್ಲವೇ ಎಂದು ಯೇಸುವು ಕೇಳಿದ್ದು ಸಮಿತಿಗಳಿಗೂ ಅನ್ವಯಿಸುತ್ತದೆ. ಪೈಪೋಟಿಯೂ ಒಂದು ಕಾರಣ. ನಮ್ಮ ಸಭೆಗಳ ಸುಗ್ಗಿ ಹಬ್ಬದ ಹರಾಜಿನಲ್ಲಿ ಒಂದು ಕುಂಬಳಕಾಯಿಗೆ ಇಬ್ಬರು ಹಟ ಹಿಡಿದು ಬೆಲೆ ಏರಿಸುವುದನ್ನು ನೀವೂ ಕಂಡಿರುತ್ತೀರಿ. ಅದು ನಗುನಗುತ್ತಾ ಮುಗಿಯುವ ಸಂಗತಿ, ಆದರೆ ಹೆಸರು ಓದುವ ಪಟ್ಟಿ ಸಿದ್ಧವಾದಾಗ ಅದೇ ಹಟ ಉಳ್ಳವರಿಗೆ ಹೆಮ್ಮೆಯಾಗಿ ಇಲ್ಲದವರಿಗೆ ಅವಮಾನವಾಗಿ ಬದಲಾಗುತ್ತದೆ. ದೇವಾಲಯಕ್ಕೂ ಹಿಂದೆ, ಆರಾಧನೆಗಾಗಿ ದೇವದರ್ಶನದ ಗುಡಾರ ಕಟ್ಟುವಾಗ ಜನ ತಂದದ್ದು ಬೇಕಾದುದಕ್ಕಿಂತ ಹೆಚ್ಚಾಯಿತೆಂದು, ಇನ್ನು ತರಬೇಡಿರೆಂದು ಮೋಶೆಯು ಪಾಳೆಯದಲ್ಲೆಲ್ಲ ಸಾರಿಸಬೇಕಾಯಿತೆಂದು ವಿಮೋಚನಕಾಂಡದ 36ನೇ ಅಧ್ಯಾಯದಲ್ಲಿದೆ. ಅಲ್ಲಿ ತಂದವರು ಮನಃಪೂರ್ವಕವಾಗಿ ತಂದವರೆಂದು ಹಿಂದಿನ ಅಧ್ಯಾಯ ಮತ್ತೆ ಮತ್ತೆ ಹೇಳುತ್ತದೆ.

ಇನ್ನು ನಿಮ್ಮ ಮುಂದಿರುವ ದಾರಿಗಳು. ಒಡವೆ ಅಡವಿಟ್ಟು 74,000 ರೂಪಾಯಿಯನ್ನು ಒಂದೇ ಸಲಕ್ಕೆ ಕೊಡುವುದನ್ನು ನಾನು ಸ್ಪಷ್ಟವಾಗಿ ಬೇಡವೆನ್ನುತ್ತೇನೆ. ಎರಡು ಕಂತುಗಳೇ ನಿಮ್ಮ ಆದಾಯದ ಅರ್ಧದಷ್ಟಾಗಿವೆ, ಒಬ್ಬರ ಸಂಬಳ ನಿಯಮಿತವಾಗಿ ಬರುತ್ತಿಲ್ಲ. ಚಿನ್ನದ ಸಾಲವನ್ನು ಸಾಮಾನ್ಯವಾಗಿ ವರ್ಷದೊಳಗೆ ತೀರಿಸಬೇಕು ಇಲ್ಲವೇ ಬಡ್ಡಿ ಕಟ್ಟಿ ನವೀಕರಿಸಬೇಕು, ತಪ್ಪಿದರೆ ಒಡವೆ ಹರಾಜಿಗೆ ಹೋಗುತ್ತದೆ, ಅಷ್ಟರಲ್ಲಿ ಶಸ್ತ್ರಚಿಕಿತ್ಸೆಯ ದಿನ ಬಂದರೆ ಅಡವಿಡಲು ಮತ್ತೇನೂ ಉಳಿದಿರುವುದಿಲ್ಲ. ಹಣದ ನಷ್ಟಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ: ಎರಡರಷ್ಟು ಮರಳಿ ಬರದಿದ್ದಾಗ ನಿಮ್ಮ ಯಜಮಾನರು ತಮ್ಮ ನಂಬಿಕೆಯನ್ನೋ ನಿಮ್ಮನ್ನೋ ದೂರಬೇಕಾಗುತ್ತದೆ. ಸಾಲದ ಕಾಣಿಕೆಯಿಂದ ಸಭೆಯನ್ನೇ ಬಿಟ್ಟುಹೋದ ಕುಟುಂಬಗಳು ನನಗೆ ಗೊತ್ತು.

ಏನನ್ನೂ ಕೊಡದೆ, ಕಷ್ಟ ತೀರಿದ ಮೇಲೆ ನೋಡೋಣವೆನ್ನುವುದು ಎರಡನೆಯ ದಾರಿ. ಆರ್ಥಿಕವಾಗಿ ಇದು ಸುರಕ್ಷಿತ, ಕೆಲವು ತಿಂಗಳಿಗೆ ಅಗತ್ಯವೂ ಆಗಬಹುದು. ಆದರೆ ಗಡುವಿಲ್ಲದ ಮುಂದೂಡಿಕೆ ಹೇಗೆ ಅಭ್ಯಾಸವಾಗಿಬಿಡುತ್ತದೆಂಬುದನ್ನು ಮೇಲೆಯೇ ಹೇಳಿದ್ದೇನೆ. ಈ ದಾರಿಯಲ್ಲಿ ಹೋಗುವುದಾದರೆ ಸಭಾಪಾಲಕರ ಮುಂದೆ ಕುಳಿತು ಹೇಳಿಯೇ ಹೋಗಿ; ಮೌನವಾಗಿದ್ದರೆ ನಿಮ್ಮ ಬಗ್ಗೆ ಬೇರೆಯವರು ಕಥೆ ಕಟ್ಟುತ್ತಾರೆ, ನಾಚಿಕೆಯಿಂದ ನೀವೇ ಆರಾಧನೆಯನ್ನು ತಪ್ಪಿಸತೊಡಗುತ್ತೀರಿ.

ನನಗೆ ಒಪ್ಪಿಗೆಯಾಗುವುದು ಮೊತ್ತವನ್ನು ಸಣ್ಣದು ಮಾಡಿ ಸ್ಥಾನವನ್ನು ಮೊದಲಿಗೆ ತರುವ ದಾರಿ. ಸಂಬಳ ಬಂದ ದಿನ, ಬೇರೆ ಯಾವ ಪಾವತಿಗೂ ಮೊದಲು, ಇಬ್ಬರೂ ಒಪ್ಪಿದ ಒಂದು ಮೊತ್ತವನ್ನು ತೆಗೆದಿಡಿ. ಅದು ಹತ್ತರಲ್ಲೊಂದು ಆಗಬೇಕಿಲ್ಲ, ಎರಡು ಸಾವಿರವಿರಲಿ, ಒಂದು ಸಾವಿರವೇ ಇರಲಿ, ಆದರೆ ಸೌಕರ್ಯದ ಸಾಲಿನಲ್ಲಿರುವ ಏನನ್ನಾದರೂ ನಿಜವಾಗಿ ಬಿಟ್ಟು ಹೊಂದಿಸಿದ್ದಾಗಿರಲಿ. ಮಿಜೋರಾಮಿನ ಸಭೆಗಳಲ್ಲಿ 1910ರ ಸುಮಾರಿನಿಂದ ಬುಹ್‌ಫಾಯ್ ಥಾಮ್ ಎಂಬ ಪದ್ಧತಿಯಿದೆ. ಅಡುಗೆಗೆ ಅಕ್ಕಿ ತೆಗೆಯುವಾಗಲೆಲ್ಲ ಒಂದು ಹಿಡಿಯನ್ನು ಬೇರೆ ಪಾತ್ರೆಗೆ ಹಾಕಿ, ವಾರಕ್ಕೊಮ್ಮೆ ಅದನ್ನು ಸಭೆಗಾಗಿ ಕೂಡಿಸುತ್ತಾರೆ. ಹೆಂಗಸರು ಆರಂಭಿಸಿದ ಈ ಹಿಡಿಯಕ್ಕಿಯೇ ಇಂದಿಗೂ ಅಲ್ಲಿನ ಸಭೆಗಳ ಸೇವೆಗೆ ದೊಡ್ಡ ಆಧಾರ. ಒಂದು ಹಿಡಿ ಕಡಿಮೆಯಾದರೆ ಯಾರೂ ಹಸಿಯುವುದಿಲ್ಲ, ಆದರೆ ಒಲೆ ಹೊತ್ತುವ ಮೊದಲೇ ದೇವರ ಪಾಲು ತೆಗೆದಾಗಿರುತ್ತದೆ. ಈ ದಾರಿಗೂ ಅಪಾಯವಿಲ್ಲದಿಲ್ಲ. ಕಾಣಿಕೆ ಇನ್ನೊಂದು ಕಂತಾಗಿ, ಕಟ್ಟಿದ್ದಾಯಿತೆಂಬ ನೆಮ್ಮದಿಯಾಗಿ ಒಣಗಬಹುದು. ಪುದೀನ ಜೀರಿಗೆಗಳ ದಶಮಾಂಶ ಕೊಟ್ಟು ನ್ಯಾಯ, ಕರುಣೆಗಳನ್ನು ಬಿಟ್ಟವರನ್ನು ಮತ್ತಾಯನ 23ನೇ ಅಧ್ಯಾಯದಲ್ಲಿ ಯೇಸುವು ಗದರಿಸಿದ್ದು ಇದಕ್ಕೇ.

ಇದರೊಂದಿಗೆ ಇನ್ನೊಂದನ್ನೂ ಸೇರಿಸಬಹುದು. ನಿಮ್ಮ ಯಜಮಾನರು ಕಟ್ಟಡ ಕೆಲಸದ ಮೇಲ್ವಿಚಾರಕರು. ಹಗ್ಗಾಯನು ಕೇಳಿದ್ದು ಮರ ಮತ್ತು ಕೈಗಳನ್ನು. ಅವರ ಬಳಿ ಎರಡರ ತಿಳಿವಳಿಕೆಯೂ ಇದೆ. ಇಡೀ ಕಟ್ಟಡ ಬಿಚ್ಚಬೇಕೇ ಅಥವಾ ಚಾವಣಿಯ ಮರ ಬದಲಾಯಿಸಿದರೆ ಸಾಕೇ ಎಂದು ಪರಿಶೀಲಿಸುವುದು, ಸಾಮಗ್ರಿಯ ದರಪಟ್ಟಿಗಳನ್ನು ಹೋಲಿಸುವುದು, ಶನಿವಾರ ಕೆಲಸದ ಮೇಲೆ ಕಣ್ಣಿಡುವುದು ಸಭೆಗೆ ಒಂದು ತಿಂಗಳ ಸಂಬಳಕ್ಕಿಂತ ಹೆಚ್ಚು ಉಳಿಸಿಕೊಡಬಹುದು. ಎಚ್ಚರವಿರಬೇಕಾದದ್ದು ಎರಡು ಕಡೆ. ಅವರ ಗುತ್ತಿಗೆದಾರರಿಗೇ ಕೆಲಸ ಸಿಕ್ಕರೆ ಒಳ್ಳೆಯ ಉದ್ದೇಶದ ಮೇಲೂ ಸಂಶಯ ಬರುತ್ತದೆ, ಆದ್ದರಿಂದ ಆ ದಾರಿ ಬೇಡ. ಹಾಗೆಯೇ ಗಡಿಯಿಲ್ಲದೆ ಒಪ್ಪಿಕೊಂಡ ಸೇವೆ ಮನೆಗೆ ಉಳಿಯಬೇಕಾದ ಒಂದೇ ರಜಾದಿನವನ್ನೂ ತಿಂದುಹಾಕುತ್ತದೆ.

ಸಮಿತಿಯೊಡನೆ ಮಾತನಾಡುವಾಗ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ: ಇಂಥ ತಿಂಗಳಿಂದ ಇಷ್ಟು, ಕಟ್ಟಡ ಮುಗಿಯುವವರೆಗೆ, ಅದರೊಂದಿಗೆ ಈ ಕೆಲಸ. ರಸೀದಿ ಕೇಳಿ, ಸಭೆಯ ಮುಂದೆ ಲೆಕ್ಕಪತ್ರ ಇಡುವರೇ ಎಂದೂ ಕೇಳಿ. ಇದು ಅವಿಶ್ವಾಸವಲ್ಲ. ಅರಸನಾದ ಯೋವಾಷನ ಕಾಲದಲ್ಲಿ ದೇವಾಲಯದ ದುರಸ್ತಿಗೆಂದು ಯಾಜಕರು ವರ್ಷಗಟ್ಟಲೆ ಹಣ ತೆಗೆದುಕೊಂಡರೂ ದುರಸ್ತಿ ಆಗಿರಲಿಲ್ಲ. ಕೊನೆಗೆ ಮುಚ್ಚಳದಲ್ಲಿ ರಂಧ್ರ ಕೊರೆದ ಪೆಟ್ಟಿಗೆಯೊಂದನ್ನು ಇರಿಸಿ, ಅರಸನ ಲೇಖಕನೂ ಮಹಾಯಾಜಕನೂ ಕೂಡಿ ಎಣಿಸಿ ಕೆಲಸಗಾರರಿಗೆ ಕೊಡುವ ಏರ್ಪಾಡು ಮಾಡಬೇಕಾಯಿತು. ಇದು ಅರಸುಗಳ ಎರಡನೆಯ ಗ್ರಂಥದ 12ನೇ ಅಧ್ಯಾಯದಲ್ಲಿದೆ. ಪೌಲನೂ ಕೂಡಿಸಿದ ಹಣವನ್ನು ಒಬ್ಬನೇ ಒಯ್ಯದೆ ಸಭೆ ಆರಿಸಿದವರನ್ನು ಜೊತೆಗಿಟ್ಟುಕೊಂಡನು.

ಮನೆಯೊಳಗಿನ ಒಪ್ಪಿಗೆ ಇದಕ್ಕಿಂತ ಮೊದಲು ಆಗಬೇಕು. ನೀವು ಭಯಪಟ್ಟು ತಲೆಯಾಡಿಸುವುದೂ ಅವರು ನಿಮಗೆ ತಿಳಿಸದೆ ಒಡವೆ ಒಯ್ಯುವುದೂ ಬೇಡ. ಆದಿಸಭೆಯಲ್ಲಿ ಭೂಮಿ ಮಾರಿ ಹಣ ತಂದ ಅನನೀಯನೂ ಅವನ ಹೆಂಡತಿಯೂ ದಂಡನೆಗೆ ಗುರಿಯಾದದ್ದು ಕಡಿಮೆ ಕೊಟ್ಟದ್ದಕ್ಕಲ್ಲ, ಪೂರ್ತಿ ಕೊಟ್ಟೆವೆಂದು ಸುಳ್ಳು ಹೇಳಿದ್ದಕ್ಕೆ. ಮಾರುವ ಮೊದಲೂ ಮಾರಿದ ಮೇಲೂ ಅದು ನಿನ್ನ ಅಧಿಕಾರದಲ್ಲೇ ಇತ್ತಲ್ಲವೇ ಎಂದು ಅಪೊಸ್ತಲನಾದ ಪೇತ್ರನು ಕೇಳಿದನು. ಕರ್ತವ್ಯಗಳನ್ನೊಂದು ಕಡೆ, ಸೌಕರ್ಯಗಳನ್ನೊಂದು ಕಡೆ ಬರೆದು ಇಬ್ಬರೂ ಕುಳಿತು ನೋಡಿ. ಅತ್ತೆಯವರನ್ನೂ ಕೂರಿಸಿಕೊಳ್ಳಿ, ಅವರ ಮಂಡಿಯ ತಪಾಸಣೆಗೆ ದಿನ ಗೊತ್ತುಮಾಡುವುದರಿಂದಲೇ ಆ ಪಟ್ಟಿ ಆರಂಭವಾಗಲಿ. ಕಾರನ್ನು ಇಟ್ಟುಕೊಳ್ಳಬೇಕೇ ಎಂಬುದು ನಿಮ್ಮ ತೀರ್ಮಾನ. ಮಾರಿ ಸಾಲ ತೀರಿಸಿದರೆ ತಿಂಗಳಿಗೆ 9,200 ರೂಪಾಯಿ ಬಿಡುವಾಗುತ್ತದೆ, ಅದರಲ್ಲಿ ಚಿಕಿತ್ಸೆಗೂ ಕಾಣಿಕೆಗೂ ಎಡೆ ಸಿಗುತ್ತದೆ. ಆದರೆ ಹೊಸ ಕಾರಿಗೆ ಮೊದಲ ವರ್ಷಗಳಲ್ಲಿ ಬೆಲೆ ಬಹಳ ಇಳಿಯುವುದರಿಂದ, ಮಾರಿ ಬಂದ ಹಣ ಬಾಕಿ ಸಾಲಕ್ಕೆ ಸಾಲುತ್ತದೆಯೇ ಎಂದು ಬ್ಯಾಂಕಿನಲ್ಲಿ ಕೇಳಿಕೊಂಡೇ ಮುಂದುವರಿಯಿರಿ.

ಇಷ್ಟೆಲ್ಲ ಹಣದ ಮಾತಾಯಿತು. ನಿಮ್ಮ ಪತ್ರದಲ್ಲಿ ಹಣ ಖರ್ಚಾಗದ ಸಂಗತಿಯೂ ಒಂದಿದೆ. ಮಗಳ ಟ್ಯೂಷನ್ ಭಾನುವಾರ ಬೆಳಿಗ್ಗೆ ಇರುವುದರಿಂದ ಆರಾಧನೆ ತಪ್ಪುತ್ತಿದೆ ಎಂದು ಬರೆದಿದ್ದೀರಿ, ಆದರೆ ಅದನ್ನು ಶನಿವಾರಕ್ಕೋ ಭಾನುವಾರ ಸಂಜೆಗೋ ಬದಲಾಯಿಸಲು ಶಿಕ್ಷಕರನ್ನು ಕೇಳಿದಿರೆಂದು ಬರೆದಿಲ್ಲ. ಒಡವೆಯ ವಿಷಯ ಇತ್ಯರ್ಥವಾಗುವವರೆಗೆ ಕಾಯದೆ ಈ ವಾರವೇ ಕೇಳಿನೋಡಬಹುದು.